ಮೂರನೇ ಸಾಲಿನ ಕೊನೆಯ ಹೆಸರು

ದಂಡಿನವರೇ ಕಟ್ಟಿಸಿದ ಚರ್ಚು ಅದು. ಪ್ರಾರ್ಥನೆಯ ಹೊತ್ತಲ್ಲೂ ಬಂದೂಕು ಕೈಗೆ ಸಿಗಬೇಕೆಂದು ಪ್ರತಿ ಬೆಂಚಿನ ಬೆನ್ನಿಗೆ ಅದನ್ನು ಒರಗಿಸುವ ಸಂದು ಕೊರೆಸಿದ್ದರು. ಯುದ್ಧ ಮುಗಿದಾಗಲೆಲ್ಲ ಸತ್ತವರ ಹೆಸರು ಗೋಡೆಯ ಅಮೃತಶಿಲೆ ಏರುತ್ತಿತ್ತು. ಕೆತ್ತುವವನು ಕಲ್ಲುಕುಟಿಗ, ಅವನಪ್ಪನೂ ಅದನ್ನೇ ಮಾಡಿದ್ದ. "ಸತ್ತವರೇ ನಮ್ಮನ್ನ ಸಾಕೋದು" ಎಂದು ಅಪ್ಪ ನಗುತ್ತಿದ್ದ. ಚರ್ಚಿನ ಹಿಂದೆ ದಂಡು ಕೊಟ್ಟ ಎರಡು ಕೋಣೆಯಲ್ಲಿ ಕಲ್ಲುಕುಟಿಗನೂ ಅವನ ಹೆಂಡತಿಯೂ ಇದ್ದರು.

ಈ ಸಲ ಸತ್ತವರಲ್ಲಿ ಅವರ ಒಬ್ಬನೇ ಮಗನಿದ್ದ. ಆ ಹೆಸರನ್ನು ಕಲ್ಲುಕುಟಿಗ ಉಳಿದವಕ್ಕಿಂತ ಕೂದಲೆಳೆಯಷ್ಟು ಆಳವಾಗಿ ಕೆತ್ತಿದ. ಓದು ಬಾರದ ಹೆಂಡತಿಗೆ ದೂರದಿಂದಲೇ ತೋರಿಸಿದ: "ಮೂರನೇ ಸಾಲು, ಕೊನೇದು."

ತಿಂಗಳೊಳಗೆ ಕರ್ನಲ್ ಕರೆಸಿದ.

"ನಿನ್ನ ಮಗ ಶತ್ರುವಿನ ಗುಂಡಿಗೆ ಸತ್ತಿಲ್ಲ. ಓಡಿಹೋಗ್ತಿದ್ದ. ಹಿಡಿದು ನಮ್ಮವರೇ ಹೊಡೆದರು. ಹೆಸರು ತೆಗಿ."

"ಬೇರೆಯವರ ಕೈಲಿ ತೆಗೆಸಿ ಸ್ವಾಮಿ."

"ಬೇರೆಯವನು ಬಂದ್ರೆ ಆ ಮನೇನೂ ಅವನಿಗೇ. ಇನ್ನೊಂದು ಮಾತು, ಜಾಗ ಖಾಲಿ ಬಿಡಬೇಡ, ಅಸಹ್ಯವಾಗಿ ಕಾಣುತ್ತೆ. ಜ್ವರದಲ್ಲಿ ಸತ್ತನಲ್ಲ ಬ್ರೆಡ್ಡಂಗಡಿ ಹುಡುಗ, ಅವನದನ್ನ ಹಾಕು."

ಆಳವಾಗಿ ಕೆತ್ತಿದ್ದು ಸುಲಭಕ್ಕೆ ಹೋಗಲಿಲ್ಲ. ಸಂಜೆ ಮನೆಗೆ ಬಂದಾಗ ಮೈಯೆಲ್ಲ ಬಿಳಿ ಪುಡಿ. ಹೆಂಡತಿ ಅಂಗಿ ಬಿಚ್ಚಿಸಿ, ಬಾಗಿಲಾಚೆ ಕೊಡವಿ ಬಂದಳು. ಅವನು ಕೈಕಾಲು ತೊಳೆದು ಊಟಕ್ಕೆ ಕೂತ.

ಅವಳು ಭಾನುವಾರಕ್ಕೊಮ್ಮೆ ಸ್ಟೂಲು ಹತ್ತಿ ಮೂರನೇ ಸಾಲಿನ ಕೊನೆಯ ಹೆಸರಿಗೆ ಮುತ್ತಿಡುವುದನ್ನು ರೂಢಿ ಮಾಡಿಕೊಂಡಳು. ಅವನು ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ.

ಒಂದು ದಿನ ಬ್ರೆಡ್ಡಂಗಡಿಯವಳು ಬಂದಳು.

"ನನ್ನ ಮಗನ ಹೆಸರಿಗೆ ನೀನ್ಯಾಕಮ್ಮ ಮುತ್ತು ಕೊಡ್ತೀಯ?"

"ಇದು ನನ್ನ ಮಗಂದು. ಅವರಪ್ಪನೇ ಕೆತ್ತಿದ್ದು."

ಪಾದ್ರಿಯನ್ನು ಕರೆದರು. ಆತ ಕನ್ನಡಕ ಸರಿಮಾಡಿಕೊಂಡು ಓದಿದ. ಬ್ರೆಡ್ಡಂಗಡಿ ಹುಡುಗನ ಹೆಸರೇ.

"ನಿನ್ನ ಮಗ ಹೇಡಿ ಅಂತ ಊರಿಗೇ ಗೊತ್ತು, ನಿನಗೊಬ್ಬಳಿಗೇ ಗೊತ್ತಿಲ್ಲ" ಎಂದು ಬ್ರೆಡ್ಡಂಗಡಿಯವಳು ಸೆರಗಿನಿಂದ ಆ ಅಕ್ಷರಗಳನ್ನು ಒರೆಸಿದಳು, ಎಂಜಲು ತೆಗೆಯುವವಳಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಹೆಂಡತಿ ಸ್ಟೂಲಿನಿಂದಿಳಿದು ಗಂಡನೆದುರು ನಿಂತಳು. ಮದುವೆಯಾದಂದಿನಿಂದ 'ನೀವು' ಎಂದವಳು ಅಂದು ಹಾಗೆನ್ನಲಿಲ್ಲ.

"ನೀನೇನಾ ಕೆರೆದಿದ್ದು?"

"ಇಲ್ಲಾಂದ್ರೆ ಮನೆ ಹೋಗ್ತಿತ್ತು."

"ಯಾವ ಮನೆ?"

ಅವಳು ಅಲ್ಲಿಂದಲೇ ತಂಗಿಯ ಮನೆಗೆ ಹೋದಳು. ಸಂಜೆ ಅವನು ಕರೆತರಲು ಹೋದಾಗ ನಾದಿನಿ ಹೊಸಿಲಲ್ಲೇ ತಡೆದಳು. "ಅಕ್ಕ ನಿಮ್ಮ ಮುಖ ನೋಡಲ್ಲವಂತೆ ಭಾವ."

"ಒಂದು ಮಾತು ಆಡಿ ಹೋಗ್ತೀನಿ."

"ಏನಂತ ಆಡ್ತೀರಿ?"

ಒಳಗೆ ಹೆಂಡತಿ ಕೆಮ್ಮಿದ್ದು ಕೇಳಿಸಿತು. ಬಾಗಿಲು ಹಾಕಿಕೊಂಡಿತು.

ಮರುದಿನ ಕೆಲಸವಿತ್ತು. ಗಡಿಯಲ್ಲಿ ಮತ್ತೆ ಯುದ್ಧ ಶುರುವಾಗಿತ್ತು. ಕರ್ನಲ್ ಈ ಸಲ ದೊಡ್ಡ ಕಲ್ಲನ್ನೇ ತರಿಸಿದ್ದ.