ಇಬ್ಬರಿಗೊಂದು ಲೋಟ

ತಂಪುಪಾನೀಯದ ಯಂತ್ರದ ಕೆಂಪು ದೀಪ ಹಸಿರಾಗಲಿಲ್ಲ. ಅಕ್ಕ ಪ್ಲಾಸ್ಟಿಕ್ ಲೋಟವನ್ನು ಹೊರಗೆ ತೆಗೆದು, ತಳವನ್ನು ತೋಳಿನಿಂದ ಒರೆಸಿ, ಮತ್ತೆ ಒಳಗಿಟ್ಟು ನೋಡಿದಳು. ಕೆಂಪೇ.

"ನನ್ನ ಲೆಕ್ಕದಲ್ಲಿ ಹದಿನೈದು ನಿಮಿಷ ಆಯ್ತು. ಇದಕ್ಕೆ ಇನ್ನೂ ಆಗಿಲ್ವಂತೆ" ಎಂದು ಯಂತ್ರಕ್ಕೇ ಹೇಳಿದಳು.

ಹಿಂದೆ ನಿಂತಿದ್ದ ಹುಲ್ಲುಟೋಪಿಯ ಮುದುಕರು ತಮ್ಮ ಖಾಲಿ ಲೋಟವನ್ನು ಗಂಟೆಯಂತೆ ಅಲ್ಲಾಡಿಸಿದರು. "ಸ್ವಲ್ಪ ಜಾಗ ಬಿಡಿ ತಾಯಿ. ಮೂರು ದಿನದಿಂದ ನೋಡ್ತಿದ್ದೀನಿ, ನೀವು ಕುಡಿಯೋ ವೇಗಕ್ಕೆ ಸಮುದ್ರದ ನೀರೂ ಸಾಕಾಗಲ್ಲ."

"ಬನ್ನಿ, ತುಂಬಿಸ್ಕೊಳ್ಳಿ. ನೀವೂ ದುಡ್ಡು ಕೊಟ್ಟಿದ್ದೀರಿ, ನಾನೂ ಕೊಟ್ಟಿದ್ದೀನಿ" ಎಂದು ಅಕ್ಕ ಪಕ್ಕಕ್ಕೆ ಸರಿದಳೇ ಹೊರತು ಹೋಗಲಿಲ್ಲ. ಅಲ್ಲೇ ಕಂಬಕ್ಕೊರಗಿ ನಿಂತು ತುಟಿ ಅಲ್ಲಾಡಿಸತೊಡಗಿದಳು.

ಹತ್ತು ಹೆಜ್ಜೆಯಾಚೆ, ಹಡಗಿನ ಕಟಕಟೆಯ ಪಕ್ಕದ ಕುರ್ಚಿಯಲ್ಲಿ ತಂಗಿ ಇದನ್ನೆಲ್ಲ ಕೇಳುತ್ತ ಕೂತಿದ್ದಳು. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಮಡಿಲಲ್ಲಿದ್ದ ಬಟ್ಟೆಯ ಚೀಲದ ಅಂಚನ್ನು ಅವಳ ಬೆರಳುಗಳು ಮಡಚುತ್ತಿದ್ದವು, ಬಿಡಿಸುತ್ತಿದ್ದವು, ಮತ್ತೆ ಮಡಚುತ್ತಿದ್ದವು. ನಾಳೆ ಬೆಳಿಗ್ಗೆ ಎಂಟಕ್ಕೆ ಹಡಗು ದಡ ಸೇರುತ್ತದೆ. ಅಷ್ಟರೊಳಗೆ ಅಕ್ಕನಿಗೆ ಹೇಳಬೇಕು.

ಹೇಳಬೇಕಾದದ್ದು ಎರಡೇ ಮಾತು. ನಾನು ಮದುವೆಯಾಗುತ್ತೇನೆ. ಅವರ ಊರಿಗೆ ಹೋಗುತ್ತೇನೆ. ನಲವತ್ಮೂರು ವರ್ಷದ ಹೆಂಗಸಿಗೆ ಇಷ್ಟು ಹೇಳುವುದಕ್ಕೆ ಹಡಗು ಹತ್ತಿ ನಡುನೀರಿಗೆ ಬರಬೇಕಾಗಿತ್ತು. ಇಲ್ಲಿಯಾದರೆ ಅಕ್ಕ ಎದ್ದು ಅಂಗಡಿಗೆ ಹೋಗಿಬಿಡಲಾರಳು ಎಂದು ಅವಳು ಎಣಿಸಿದ್ದಳು. ಆ ಯಂತ್ರವೊಂದನ್ನು ಎಣಿಸಿರಲಿಲ್ಲ.

ಇಪ್ಪತ್ತಾರು ವರ್ಷದಿಂದ ಅಕ್ಕತಂಗಿಯರದು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ. ಅಕ್ಕ ಕತ್ತರಿಸುವವಳು, ತಂಗಿ ಹೊಲಿಯುವವಳು. ಬೀದಿಯವರ ಬಾಯಲ್ಲಿ ಅವರು ಕತ್ತರಿಯಕ್ಕ, ಸೂಜಿಯಕ್ಕ. ಬಟ್ಟೆಯ ಮೇಲೆ ಅಕ್ಕ ಸೀಮೆಸುಣ್ಣ ಎಳೆದಳೆಂದರೆ ಮೂರು ಲಂಗದ ಬಟ್ಟೆಯಲ್ಲಿ ನಾಲ್ಕನೆಯದು ಹೇಗೋ ಹೊರಡುತ್ತಿತ್ತು. ಉಳಿದ ಚೂರಿನಲ್ಲಿ ಜೇಬು, ಜೇಬಿನ ಚೂರಿನಲ್ಲಿ ಗುಂಡಿಪಟ್ಟಿ. ಕಸದ ಬುಟ್ಟಿಗೆ ಬೀಳುತ್ತಿದ್ದದ್ದು ದಾರದ ತುದಿ ಮಾತ್ರ.

ಹಡಗಿನ ಟಿಕೆಟ್ ಕಚೇರಿಯವನು, "ತಂಪುಪಾನೀಯದ ಪ್ಯಾಕೇಜ್ ಬೇಕಾ? ನೀರು, ಚಹಾ ಪುಕ್ಕಟೆ. ಸೋಡಾ, ಕೋಲಾ, ಕಿತ್ತಳೆ ಪಾನಕ ಇದಕ್ಕೆಲ್ಲ ಬೇರೆ. ಕುಡಿಯೋರಿಗೆ ಲಾಭ, ಕುಡಿಯದೋರಿಗೆ ದಂಡ" ಎಂದಾಗ ಅಕ್ಕ ಒಂದು ದಿನದ ಗಡುವು ಕೇಳಿದ್ದಳು. ಮನೆಗೆ ಬಂದು ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದಳು. ದಿನಕ್ಕೆ ಐದು ಲೋಟ ಕುಡಿದರೆ ಕೊಟ್ಟದ್ದು ಬಂದ ಹಾಗೆ. ಐದು ಲೋಟ ಒಬ್ಬಳ ಹೊಟ್ಟೆಗೆ ಹೆಚ್ಚು. ಇಬ್ಬರಾದರೆ ಮೂರು ಮೂರು, ಆರನೆಯದು ಪುಕ್ಕಟೆ. ಹಾಗಾಗಿ ಒಂದೇ ಪ್ಯಾಕೇಜು, ಅಕ್ಕನ ಹೆಸರಿನಲ್ಲಿ.

"ಒಂದರಲ್ಲಿ ಇಬ್ಬರು ಕುಡಿಯಬಹುದಾ ಅಂತ ಕೇಳೋಣ ಅಕ್ಕ" ಎಂದಿದ್ದಳು ತಂಗಿ.

"ಕೇಳಿದ್ರೆ ಬೇಡ ಅಂತಾರೆ. ಕೇಳಲೇಬಾರದು."

ಅವರ ಮನೆಯಲ್ಲಿ ಬಾಟಲಿಯೊಂದು, ಹೀರುವ ನಳಿಕೆ ಎರಡು. ಅದು ಅಮ್ಮನ ಕಾಲದಿಂದ ಬಂದದ್ದು. ಬೇರೆ ರೀತಿ ಇರಬಹುದೆಂದು ಅಕ್ಕನಿಗೆ ಹೊಳೆದಿರಲೇ ಇಲ್ಲ. ಹಡಗು ಹತ್ತಿದ ದಿನ ಪಾನೀಯದ ಕೌಂಟರಿನ ಹುಡುಗಿ ಅಕ್ಕನ ಫೋಟೋ ತೆಗೆದು ಕಾರ್ಡಿಗೆ ಸೇರಿಸಿ, ತಳದಲ್ಲಿ ಗುಂಡಿಯಂಥದೇನೋ ಅಂಟಿಸಿದ್ದ ಲೋಟ ಕೊಟ್ಟು, ಪಾಠ ಒಪ್ಪಿಸುವಂತೆ ಹೇಳಿದಳು: "ಒಂದು ಸಲ ತುಂಬಿಸಿದ ಮೇಲೆ ಹದಿನೈದು ನಿಮಿಷ ಯಂತ್ರ ಕೊಡಲ್ಲ. ಇನ್ನೊಬ್ಬರ ಜೊತೆ ಹಂಚಿಕೊಂಡ್ರೆ ಪ್ಯಾಕೇಜ್ ರದ್ದು." ಅಕ್ಕ ಮೊದಲ ಬೆಂಚಿನ ಮಗುವಿನ ಹಾಗೆ ತಲೆಯಾಡಿಸಿದ್ದಳು. ಹತ್ತು ನಿಮಿಷದಲ್ಲಿ ಕೋಣೆಯಿಂದ ಚಹಾದ ಕಪ್ಪೊಂದು ಬಟ್ಟೆಯ ಚೀಲ ಸೇರಿತ್ತು. ಕಂಬದ ಮರೆಯಲ್ಲಿ ಅರ್ಧ ಸುರಿಯುವುದು, ಮುಗಿಸುವುದು, ಹದಿನೈದು ನಿಮಿಷ ಕಾಯುವುದು, ಮತ್ತೆ ಏಳುವುದು.

ಮೂರು ದಿನದಿಂದ ಇದೇ ಆಗಿತ್ತು. ತಂಗಿ, "ಅಕ್ಕ, ಒಂದು ವಿಷಯ" ಎನ್ನುವುದಕ್ಕೂ, "ಇರು, ಹೊತ್ತಾಯ್ತು, ತುಂಬಿಸ್ಕೊಂಡು ಬರ್ತೀನಿ" ಎಂದು ಅಕ್ಕ ಏಳುವುದಕ್ಕೂ ಸರಿಹೋಗುತ್ತಿತ್ತು. ಗೇಣುದ್ದ ಹೊಲಿಯುವಷ್ಟರಲ್ಲಿ ದಾರ ಕಡಿಯುವ ಮಿಷನ್ನಿನ ಮುಂದೆ ಕೂತಂತೆ ತಂಗಿಗೆ ಮೈ ಪರಚಿಕೊಳ್ಳುವ ಹಾಗಾಗಿತ್ತು. ಹೊಟ್ಟೆಯೊಳಗೆ ಕಿತ್ತಳೆ ಪಾನಕದ ಗುಳ್ಳೆಗಳು ಬೇರೆ.

ಅವಳು ಮದುವೆಯಾಗಲಿದ್ದವರು ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಈಗ ತೀರಿಕೊಂಡ ಅಣ್ಣನ ಅಂಗಡಿ ನೋಡಿಕೊಳ್ಳಲು ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿಗೆ ಹೋಗುವವರಿದ್ದರು. ಅಕ್ಕತಂಗಿಯರು ಹಡಗಿಗೆ ಹೊರಡುವ ಮುಂಚೆ ತಂಗಿಗೆ ಹೇಳಿದ್ದರು, "ನಾನು ಬಂದರಿಗೆ ಬರ್ತೀನಿ. ಅಕ್ಕನಿಗೆ ಹೇಳಿದ್ರೆ ಕೈ ಎತ್ತು, ಒಳಗೆ ಬಂದು ಮಾತಾಡ್ತೀನಿ. ಎತ್ತದಿದ್ರೆ ಗೇಟಿನಿಂದಲೇ ವಾಪಸ್. ಕಳ್ಳನ ಹಾಗೆ ಅವರ ಮುಖ ನೋಡೋಕೆ ನನ್ನಿಂದಾಗಲ್ಲ."

ಅಕ್ಕನ ಕೈಗೆ ಗಡಿಯಾರವಿಲ್ಲ. ಕಟ್ಟಿದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ಅವಳು ಎಂದೂ ಕಟ್ಟಿದವಳಲ್ಲ. ಅವಳ ಹೊತ್ತು ಅಮ್ಮನಿಂದ ಬಂದ ದೇವರ ಸ್ತುತಿಯಲ್ಲಿತ್ತು. ಹನ್ನೆರಡು ಪದ್ಯ. ಮಿಷನ್ನಿನ ಕಾಲ್ತುಳಿತಕ್ಕೆ ಹೊಂದಿಸಿ ಅಮ್ಮ ಹೇಳುತ್ತಿದ್ದದ್ದನ್ನು ಇಬ್ಬರೂ ಹಾಲು ಕುಡಿದಷ್ಟು ಸಹಜವಾಗಿ ಕಲಿತಿದ್ದರು. ಅದೇ ಲಯದಲ್ಲಿ ಮೂರು ಸಲ ಹೇಳಿ ಮುಗಿಸಿದರೆ ಕಾಲು ಗಂಟೆ, ಒಂದು ಉಸಿರು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊದಲ ಎರಡು ದಿನ ಕೊನೆಯ ಸಾಲು ಮುಗಿಸಿ ಅಕ್ಕ ಯಂತ್ರದ ಮುಂದೆ ನಿಲ್ಲುವುದಕ್ಕೂ ಹಸಿರು ದೀಪ ಹತ್ತುವುದಕ್ಕೂ ಕೂದಲೆಳೆಯ ಅಂತರವಿರಲಿಲ್ಲ. ಇವತ್ತು ಬೆಳಗಿನಿಂದ ಪ್ರತಿ ಸಲವೂ ಕೆಂಪು.

ಕಡೆಗೂ ಹಸಿರಾಯಿತೆಂದು ಕಾಣುತ್ತದೆ. ಅಕ್ಕ ಲೋಟ ತುಂಬಿಸಿಕೊಂಡು ಬಂದು ಕೂತಳು. ಕಪ್ಪಿಗೆ ಸುರಿದಳು. ನಾಲ್ಕು ಗುಟುಕಿಗೆ ತನ್ನದನ್ನು ಮುಗಿಸಿ, ಕಣ್ಣು ಅರೆಮುಚ್ಚಿ ಮತ್ತೆ ಶುರುಮಾಡಿದಳು. ಈ ಸಲ ತಂಗಿ ಕಿವಿಗೊಟ್ಟು ಕೇಳಿದಳು. ಐದನೆಯ ಪದ್ಯ ಮುಗಿಯಿತು. ಅಕ್ಕ ಉಸಿರೆಳೆದುಕೊಂಡಳು. ಬಂದದ್ದು ಏಳನೆಯದು. ಎರಡನೆಯ ಸುತ್ತಿನಲ್ಲೂ ಅಷ್ಟೆ.

"ಅಕ್ಕ, ಆರನೇದು ಬಿಟ್ಟೆ."

"ಬಿಟ್ನಾ?"

"ಎರಡು ಸಲವೂ ಬಿಟ್ಟೆ. ಬೆಳಗಿಂದ ಬಿಡ್ತಿದ್ದೀಯ. ಅದಕ್ಕೇ ನಿನ್ನ ಲೆಕ್ಕ ತಪ್ತಿರೋದು."

ಅಕ್ಕ ಖಾಲಿ ಲೋಟದೊಳಗೆ ನೋಡಿದಳು. "ಅದು ಒಬ್ಬಳೇ ಹೇಳೋದಲ್ವಲ್ಲ."

ಆರನೆಯ ಪದ್ಯವನ್ನು ಅಮ್ಮ ಇಬ್ಬರಿಗೂ ಹಂಚಿಕೊಟ್ಟಿದ್ದಳು. ಮೊದಲರ್ಧ ದೊಡ್ಡವಳದು, ಉಳಿದರ್ಧ ಚಿಕ್ಕವಳದು. ಅಮ್ಮ ಹೋದ ಮೇಲೂ ಅದು ಹಾಗೆಯೇ ನಡೆದಿತ್ತು. ಅಕ್ಕ ಕತ್ತರಿಸುತ್ತ ಅರ್ಧ ಹೇಳಿ ನಿಲ್ಲುತ್ತಿದ್ದಳು, ತಂಗಿ ಹೊಲಿಯುತ್ತ ಮುಗಿಸುತ್ತಿದ್ದಳು. ಮೊನ್ನೆ ನಿನ್ನೆಯೂ ಈ ಕುರ್ಚಿಯಲ್ಲಿ ಕೂತು, ಮನಸ್ಸು ಎಲ್ಲೋ ಇದ್ದರೂ, ತನ್ನ ಬಾಯಿ ಅದನ್ನು ಮುಗಿಸಿಕೊಟ್ಟದ್ದು ತಂಗಿಗೆ ನೆನಪಾಯಿತು.

"ಒಬ್ಬಳೇ ಹೇಳಿ ಅಭ್ಯಾಸ ಆಗ್ಲಿ ಅಂತ ಬೆಳಿಗ್ಗೆ ಪ್ರಯತ್ನಪಟ್ಟೆ" ಎಂದಳು ಅಕ್ಕ. "ನಿನ್ನ ಸಾಲು ನನ್ನ ಬಾಯಿಗೆ ಬರ್ಲಿಲ್ಲ. ಹಾರಿಸಿಬಿಟ್ಟೆ."

ತಂಗಿ ಕಪ್ಪು ಕೆಳಗಿಟ್ಟಳು. "ನಿಂಗೆ ಗೊತ್ತಾ?"

"ನಾಲ್ಕು ತಿಂಗಳಲ್ಲಿ ಆರು ಅಂಗಿ ಹೊಲಿಸಿದ್ದಾನೆ. ಗಡಿಯಾರ ರಿಪೇರಿಯವನಿಗೆ ಇರೋದು ಒಂದೇ ಮೈ ತಾನೇ? ಪುಸ್ತಕದಲ್ಲಿ ಅವನ ಎದೆಯಳತೆ ಆರು ಸಲ ಬರೆದಿದ್ದೀಯ. ಆರು ಸಲವೂ ಅಷ್ಟೇ ಇದೆ. ನಾಲ್ಕು ತಿಂಗಳಲ್ಲಿ ಎದೆ ಬೆಳೆಯುತ್ತಾ ಅಂತ ಅಳೀತಿದ್ಯಾ?"

ತಂಗಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿದಳು. "ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಹೌದು ಅಂತೀಯ."

ಗಾಳಿಗೆ ಕಟಕಟೆಯ ಹಗ್ಗವೊಂದು ಕಬ್ಬಿಣಕ್ಕೆ ಟಣಟಣ ಬಡಿಯುತ್ತಿತ್ತು. ಅಕ್ಕ ಎದ್ದಳು, ಎರಡು ಹೆಜ್ಜೆ ಯಂತ್ರದ ಕಡೆ ಹೋದಳು, ತಿರುಗಿ ಬಂದಳು, ಕೂರಲಿಲ್ಲ.

"ಶಾಲೆ ಶುರುವಾಗೋಕೆ ಎರಡು ತಿಂಗಳಿದೆ. ಮುನ್ನೂರು ಜೊತೆ ಒಪ್ಕೊಂಡಿದ್ದೀವಿ. ನಾನು ಕತ್ತರಿಸಿ ಏನು ಮಾಡ್ಲಿ? ಹಾಗೇ ಮಕ್ಕಳ ಮೈಗೆ ಅಂಟಿಸಿ ಕಳಿಸ್ಲಾ?"

"ಬಸ್ಸಲ್ಲಿ ಹಾಕು ಅಕ್ಕ. ಹೊಲಿದು ವಾಪಸ್ ಹಾಕ್ತೀನಿ. ಮೂರು ಗಂಟೆ ದಾರಿ."

"ಕಾಲರ್ ಕೂತಿಲ್ಲ ಅಂದ್ರೆ ಫೋನಲ್ಲಿ ತಿರುಗಿಸ್ತೀಯಾ?"

"ನಾನು ಹೊಲಿದ ಕಾಲರ್ ಯಾವತ್ತು ಕೂತಿಲ್ಲ ಹೇಳು!"

"ಕೂತಿದೆಯಲ್ಲ, ಅದೇ ತೊಂದರೆ." ಅಕ್ಕನ ದನಿ ಏರಿತು. "ಇಪ್ಪತ್ತಾರು ವರ್ಷ ಎಲ್ಲ ಕೂತಿದೆ. ಈಗ ಇನ್ಯಾವಳೋ ಬಂದು ಆ ಮಿಷನ್ ಮುಂದೆ ಕೂರ್ಬೇಕು. ನಾನು ಸುಣ್ಣದಲ್ಲಿ ಗೆರೆ ಎಳೆದ್ರೆ ಅವಳು ಏನಮ್ಮ ಇದು ಅಂತ ಕೇಳ್ತಾಳೆ. ನೀನು ಯಾವತ್ತು ಕೇಳಿದ್ದೆ?"

ಅಕ್ಕ ಧೊಪ್ಪನೆ ಕೂತಳು. ಎಷ್ಟು ಹೊತ್ತಾಯಿತೋ, ಮತ್ತೆ ಎದ್ದು ಹೋಗಿ ಲೋಟ ತುಂಬಿಸಿಕೊಂಡು ಬಂದಳು. ಈ ಸಲ ಅವಳು ತುಟಿ ಅಲ್ಲಾಡಿಸಿರಲಿಲ್ಲ, ಆದರೂ ದೀಪ ಹಸಿರಾಗಿಯೇ ಇತ್ತು. ಕಂಬದ ಮರೆಯನ್ನೂ ಮರೆತು, ಎಲ್ಲರೆದುರಿಗೆ, ಚಹಾದ ಕಪ್ಪಿಗೆ ಅರ್ಧ ಸುರಿದಳು. ಸ್ವಲ್ಪ ಚೆಲ್ಲಿತು.

ಕೌಂಟರಿನ ಹುಡುಗಿ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಬಂದಳು. ಮೇಜು ಒರೆಸುತ್ತ, ಬಾಯಿ ಹೆಚ್ಚು ತೆರೆಯದೆ ಹೇಳಿದಳು, "ಅಮ್ಮ, ಮೂರು ದಿನದಿಂದ ನಾನಿದನ್ನ ನೋಡಿಲ್ಲ. ಕಂಬದ ಹಿಂದೆ ಕನ್ನಡಿ ಇದೆ, ಆದ್ರೂ ನೋಡಿಲ್ಲ. ಇವತ್ತು ನಮ್ಮ ಮ್ಯಾನೇಜರ್ ಸುತ್ತಾಡ್ತಿದ್ದಾರೆ. ಅವರ ಕಣ್ಣು ನನ್ನಷ್ಟು ಮಂದ ಅಲ್ಲ."

ಪಕ್ಕದ ಕುರ್ಚಿಯಲ್ಲಿ ಹುಲ್ಲುಟೋಪಿಯವರು ಕೆಮ್ಮಿದ ಹಾಗೆ ನಕ್ಕರು.

ಅಕ್ಕನ ಮುಖ ಕೆಂಪಾಯಿತು. ಬೈಗುಳಕ್ಕೆ ಬಾಯಿ ತೆರೆಯುತ್ತಾಳೆಂದು ತಂಗಿ ಅವಳ ಮೊಣಕೈ ಹಿಡಿದಳು. ಅಕ್ಕ ಆ ಕೈಯನ್ನು ನೋಡಿದಳು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ.

"ಇನ್ನೊಂದು ಲೋಟ ಕೊಡಮ್ಮ. ಇವಳ ಹೆಸರಿಗೆ" ಎಂದಳು.

"ನಾಳೆ ಬೆಳಿಗ್ಗೆಗೆ ಮುಗೀತಲ್ಲಮ್ಮ ಪ್ರಯಾಣ?" ಹುಡುಗಿ ಒರೆಸುವುದನ್ನು ನಿಲ್ಲಿಸಿದಳು. "ಪೂರ್ತಿ ದಿನದ್ದೇ ಕಟ್ಬೇಕು. ಇನ್ನುಳಿದಿರೋ ಹೊತ್ತಲ್ಲಿ ಎಷ್ಟು ಕುಡಿದಾರು ಇವರು? ಶುದ್ಧ ಲುಕ್ಸಾನು."

"ಲೆಕ್ಕ ನಂಗೆ ಬರುತ್ತೆ."

"ನಂಗ್ಯಾಕಕ್ಕ? ನಿಂದ್ರಲ್ಲೇ ಸಾಕಲ್ವಾ?" ಎಂದಳು ತಂಗಿ.

"ಫೋಟೋ ತೆಗೀತಾಳೆ, ಹೋಗು. ಕೂದಲು ಸರಿಮಾಡ್ಕೊಂಡು ಹೋಗು, ಗಾಳಿಗೆ ಕಾಗೆಗೂಡಾಗಿದೆ."

ತಂಗಿ ಹೋಗಿ ಬಂದಳು. ಹೊಸ ಲೋಟ ನೀಲಿ ಬಣ್ಣದ್ದು. ತುಂಬಿಸುವಾಗ ನೊರೆ ಅಂಚು ಮೀರಿ ಬೆರಳಿಗೆ ಇಳಿದಿತ್ತು. ಮೇಜಿನ ಮೇಲಿದ್ದ ಅಕ್ಕನ ಕೆಂಪು ಲೋಟದ ಪಕ್ಕ ಅದನ್ನಿಟ್ಟಳು. ಚಹಾದ ಕಪ್ಪನ್ನು ಅಕ್ಕ ಆಗಲೇ ತೊಳೆದು, ಬೋರಲು ಹಾಕಿದ್ದಳು.

"ನಾಳೆ ಅವರು ಬಂದರಿಗೆ ಬರ್ತಾರೆ" ಎಂದಳು ತಂಗಿ ಒಂದೇ ಉಸಿರಿಗೆ. "ನಿಂಗೆ ಹೇಳಿದ್ರೆ ಕೈ ಎತ್ತಬೇಕಂತೆ. ಇಲ್ಲಾಂದ್ರೆ ಗೇಟಿಂದಲೇ ಹೋಗ್ತಾರಂತೆ."

"ಹೇಳಿದ್ಯಾ ನಂಗೆ?"

"ಈಗ ಹೇಳ್ತಿದ್ದೀನಿ. ನಾನು ಅವರನ್ನ ಮದುವೆ ಆಗ್ತೀನಿ ಅಕ್ಕ."

ಅಕ್ಕ ತನ್ನ ಲೋಟದಲ್ಲಿ ಉಳಿದಿದ್ದನ್ನು ಒಂದೇ ಗುಟುಕಿಗೆ ಮುಗಿಸಿದಳು. "ಒಳಗೇ ಬರ್ಲಿ. ಪೆಟ್ಟಿಗೆ ಹೊರೋಕೆ ಹೇಗೂ ಒಬ್ಬ ಬೇಕು." ಲೋಟ ಕೆಳಗಿಟ್ಟು, "ಏಳನೇ ಅಂಗಿ ನಾನೇ ಅಳೆದು ಕತ್ತರಿಸ್ತೀನಿ. ನಿನ್ನ ಅಳತೆ ನಂಬೋಕಾಗಲ್ಲ" ಎಂದಳು.

ತಂಗಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಬಿಸಿಲು ಇಳಿಯುತ್ತಿತ್ತು. ಮಕ್ಕಳು ಕೂಗುತ್ತ ಓಡಿದರು. ಅಕ್ಕ ಕಣ್ಣು ಅರೆಮುಚ್ಚಿದಳು. ಮೇಜಿನ ಅಂಚಿನ ಮೇಲೆ ಬೆರಳು ತಾಳ ಹಿಡಿಯಿತು. ಒಂದನೆಯ ಪದ್ಯ, ಎರಡು, ಮೂರು. ಐದನೆಯದು ಮುಗಿಯಿತು, ಉಸಿರೆಳೆದುಕೊಂಡಳು, ಆರನೆಯದು ಬಂತು. ಅರ್ಧಕ್ಕೆ ನಿಂತಳು.

ತಂಗಿಯ ತುಟಿ ತಾನಾಗಿ ತೆರೆಯಿತು. ಅಕ್ಕ ತಾಳ ಹಿಡಿದ ಬೆರಳನ್ನು ಮೆಲ್ಲಗೆ ಎತ್ತಿ, ತಡೆ ಎನ್ನುವ ಹಾಗೆ ಹಿಡಿದಳು. ಗಾಳಿಗೆ ಹಗ್ಗ ಬಡಿಯಿತು, ಇನ್ನೊಮ್ಮೆ ಬಡಿಯಿತು. ಆಮೇಲೆ ಅಕ್ಕ ತಂಗಿಯ ಸಾಲನ್ನು ಮಗು ಅಕ್ಷರ ಕೂಡಿಸುವಂತೆ ಒಂದೊಂದೇ ಪದವಾಗಿ ಹೇಳಿ, ಏಳನೆಯದಕ್ಕೆ ಹೋದಳು.

ಅತ್ತ ಯಂತ್ರದ ಮುಂದೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಹಡಗಿನ ಅಲುಗಾಟಕ್ಕೆ ಎರಡು ಲೋಟಗಳೂ ಸಣ್ಣಗೆ ನಡುಗುತ್ತಿದ್ದವು. ಕೆಂಪಿನದು ಖಾಲಿಯಾಗಿತ್ತು. ನೀಲಿಯದರ ನೊರೆ ಇನ್ನೂ ಇಳಿದಿರಲಿಲ್ಲ.