ಒಲೆ ಅಟ್ಟದ ಕಾಸ್ಟ್ಯೂಮ್

ಜಾಲ್ಸೂರಿನ ಶೀಲಾವತಿಯ ಕೈಗೆ ಬಂದ ವಸ್ತು ಹಾಳಾಗುವುದೆಂದರೇನು! ಮದುವೆಗೆ ಉಟ್ಟ ಸೀರೆಯ ಜರಿ ಇವತ್ತಿಗೂ ಮಾಸಿಲ್ಲ. ಅಂಥವಳ ಕೈಗೆ ಮಗಳು ಭವಿತಾ ತನ್ನ ರೇಸಿನ ಕಾಸ್ಟ್ಯೂಮನ್ನು ಕೊಟ್ಟಿದ್ದಳು. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಪುತ್ತೂರಿನ ಈಜುಕೊಳಕ್ಕೆ ಹೋಗಿ ದಿನಾ ಅಭ್ಯಾಸಕ್ಕೆ ಹಾಕುವುದು ಬೇರೆ. ಇದು ಮೈಗೆ ಅಂಟಿ ಕೂರುವಂಥದ್ದು, ಆಯ್ಕೆ ಸ್ಪರ್ಧೆಯ ದಿನಕ್ಕೆಂದೇ ತೆಗೆದಿಟ್ಟದ್ದು. ಆ ದಿನ ಮೊದಲು ಗೋಡೆ ಮುಟ್ಟಿದವಳಿಗೆ ಮಾತ್ರ ರಾಜ್ಯಮಟ್ಟ. ಮುಂದಿನ ವರ್ಷಕ್ಕೆ ಭವಿತಾಳ ಪ್ರಾಯ ಮೀರುತ್ತದೆ. ಸಿಕ್ಕಿದರೆ ಈಗ, ಇಲ್ಲದಿದ್ದರೆ ಇಲ್ಲ.

ಕೋಚ್ ರಿತೇಶ್ ಹೇಳಿದ್ದನ್ನೆಲ್ಲ ಶೀಲಾವತಿ ವ್ರತದ ಹಾಗೆ ಪಾಲಿಸಿದಳು. ಅಳತೆ ನೋಡಲೆಂದು ಒಮ್ಮೆ ಕೊಳಕ್ಕಿಳಿಸಿದ್ದಕ್ಕೇ ಕ್ಲೋರಿನ್ ಹೋಗುವಂತೆ ತಣ್ಣೀರಲ್ಲಿ ಅದ್ದಿ ಅದ್ದಿ ತೆಗೆದಳು. ಸೋಪಿನ ಪುಡಿ ಮುಟ್ಟಿಸಲಿಲ್ಲ, ಹಿಂಡಲಿಲ್ಲ, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಒತ್ತಿ ನೆರಳಲ್ಲಿ ಹರವಿದಳು. ಕಲ್ಲಿಗೆ ಬಡಿದು ಒಗೆದು ರೂಢಿಯಾದ ಕೈಗೆ ಅದೊಂದು ಶಿಕ್ಷೆಯೇ. ಮಗಳು ಹುಟ್ಟಿದಾಗಲೂ ನೀನು ಅವಳನ್ನು ಹೀಗೆ ಮೀಯಿಸಿರಲಿಲ್ಲ ಎಂದು ಗಂಡ ಹರಿಪ್ರಸಾದ್ ತಮಾಷೆ ಮಾಡಿದ.

ಆದರೆ ಜಡಿಮಳೆಯ ಆಟಿ ತಿಂಗಳು ಯಾರ ಮಾತು ಕೇಳುತ್ತದೆ? ಒಂದು ಬೆಳಿಗ್ಗೆ ಕಪಾಟು ತೆರೆದರೆ ಗಂಡನ ಬೆಲ್ಟಿಗೆ ಬಿಳಿ ಬೂಷ್ಟು, ಅದರ ಪಕ್ಕದಲ್ಲೇ ಕಾಸ್ಟ್ಯೂಮ್. ಅವಳು ಅದನ್ನು ಥಟ್ಟನೆ ಹೊರಗೆಳೆದಳು. ಬೂಷ್ಟು ಹಿಡಿಯದ ಜಾಗ ಆ ಮನೆಯಲ್ಲಿ ಒಂದೇ, ಒಲೆಯ ಮೇಲಿನ ಅಟ್ಟ. ಹಪ್ಪಳ, ಹುಣಸೆಹುಳಿ, ಮುಂದಿನ ವರ್ಷದ ತರಕಾರಿ ಬೀಜ, ಎಲ್ಲವೂ ಅತ್ತೆಯ ಕಾಲದಿಂದ ಅಲ್ಲೇ ಬೆಚ್ಚಗೆ ಉಳಿದುಕೊಂಡು ಬಂದಿವೆ. ಬಿಸಿಲು ಬೇಡ ಎಂದಿದ್ದರು ರಿತೇಶ್, ಬಿಸಿನೀರು ಬೇಡ ಎಂದಿದ್ದರು. ಅಟ್ಟ ಬೇಡ ಎಂದು ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ. ಹೇಳುವುದಾದರೂ ಯಾಕೆ, ಈಜುವ ಬಟ್ಟೆಯನ್ನು ಅಟ್ಟಕ್ಕೇರಿಸುವವರು ಲೋಕದಲ್ಲಿ ಬೇರೆ ಯಾರಿದ್ದಾರೆ? ಹಳೆ ಪಂಚೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. ಕೆಳಗೆ ಮಳೆಗಾಲವಿಡೀ ಒಲೆ ಉರಿಯಿತು.

ಆಯ್ಕೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಭವಿತಾ ಅದನ್ನು ತೊಡೆಯವರೆಗೆ ಎಳೆದಳು. ಪರಪರ ಸದ್ದಾಯಿತು. ಎಳೆದದ್ದು ಎಳೆದ ಹಾಗೇ ನಿಂತಿತು. ಹಿಂದಕ್ಕೆ ಬರುವ ಜೀವವೇ ಅದರಲ್ಲಿರಲಿಲ್ಲ. ಹೊರಗೆ ತಂದು ತೋರಿಸಿದರೆ, ಬಿಸಿ ತಾಗಿ ಇಲಾಸ್ಟಿಕ್ ಸತ್ತಿದೆ ಎಂದರು ರಿತೇಶ್. ಉಳಿದ ಹುಡುಗಿಯರ ಹತ್ತಿರ ಕೇಳಿ ನೋಡಿದರು, ಅವಳ ಅಳತೆಯದ್ದು ಸಿಗಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು ಶೀಲಾವತಿಯ ಜೋಪಾನ.

ದಿನದ ಹಳೆಯದನ್ನೇ ಹಾಕಿ ಭವಿತಾ ಧುಮುಕಿದಳು. ಕ್ಲೋರಿನ್ ತಿಂದು ಜೋಲಿದ ಬಟ್ಟೆಯೊಳಗೆ ನೀರು ತುಂಬಿಕೊಂಡಿತು. ಅರ್ಧದವರೆಗೂ ಅವಳೇ ಮುಂದಿದ್ದಳು. ಕೊನೆಗೆ ಗೋಡೆಯನ್ನು ಮೊದಲು ಮುಟ್ಟಿದ್ದು ಚಿನ್ಮಯೀ ಎಂಬ ಹುಡುಗಿಯ ಕೈ. ಭವಿತಾಳದ್ದು ಅದರ ಬೆನ್ನಿಗೇ. ಶೀಲಾವತಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ವಾಪಸು ಬರುವಾಗ ಸುಳ್ಯದ ಬಸ್ಸಿನಲ್ಲಿ ಅವಳು ಮಗಳ ಕಡೆ ತಿರುಗಿದಳು.

“ಅಟ್ಟದಲ್ಲಿ ಇಟ್ಟದ್ದು ನಾನೇ ಮಗಾ. ಹಾಳಾಗುದು ಬೇಡ ಅಂತ.”

“ಗೊತ್ತುಂಟಮ್ಮ,” ಎಂದಳು ಭವಿತಾ. “ಹೊಗೆ ವಾಸನೆ ಬರ್ತಿತ್ತು.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹುಡುಗಿ ಬೈಯಲಿಲ್ಲ, ಅಳಲೂ ಇಲ್ಲ. ಇಳಿಯುವ ಜಾಗ ಹತ್ತಿರವಾದಾಗ ಚೀಲ ಎತ್ತಿಕೊಂಡು ಎದ್ದು ನಿಂತಳು.

“ನಾಳೆಯಿಂದ ಮೊದಲ ಬಸ್ಸಿಗೆ ನನ್ನನ್ನು ಎಬ್ಬಿಸುದು ಬೇಡ.”