ಮೀಸೆಯ ಮರೆಯ ಮಾತು

ಒಡೆಯುವುದೇ ಕಸುಬು, ಸಿಟ್ಟು ಮೂಗಿನ ತುದಿಯಲ್ಲಿ. ಹಾಗಾಗಿ ಓಣಿಯವರ ಬಾಯಲ್ಲಿ ಅವನ ಹೆಸರು ಸುತ್ತಿಗೆ. ಹಳೆಯ ಕಟ್ಟಡ ಕೆಡವುವ ತಂಡದಲ್ಲಿ ಕೂಲಿ. ಈ ಸಲ ಕೆಡವಬೇಕಿದ್ದದ್ದು ಅವನ ಅಮ್ಮ ಮೂವತ್ತು ವರ್ಷ ನಿಂತು ನೇಯ್ದ ಬಟ್ಟೆ ಗಿರಣಿಯನ್ನೇ. ಮಗ್ಗಗಳೆಲ್ಲ ಎಂದೋ ಗುಜರಿ ಸೇರಿದ್ದವು. ಸೋಮವಾರ ನೇಯ್ಗೆಯ ಹಾಲ್ ಉರುಳಬೇಕಿತ್ತು.

ಅವಳು ನಿಲ್ಲುತ್ತಿದ್ದ ಜಾಗ ಯಾವುದೆಂದು ತಿಳಿಯದೆ ಅದನ್ನೂ ತಾನೇ ಪುಡಿ ಮಾಡಿಬಿಡುತ್ತೇನಲ್ಲ ಎಂಬುದು ಅವನ ತಲೆ ತಿನ್ನುತ್ತಿತ್ತು. ಅವಳನ್ನೇ ಕೇಳಿ ನೋಡಿದ್ದ. ಮಗ್ಗದ ಸದ್ದಿಗೆ ಅಮ್ಮನ ಕಿವಿ ಹೋಗಿ, ಅದರ ಬೆನ್ನಿಗೇ ಬಾಯಿಗೂ ಬೀಗ ಬಿದ್ದಿತ್ತು. ಅವಳ ಕಿವಿಗೆ ಬಾಯಿಟ್ಟು ಅವನು ಕೂಗಿದ್ದೇ ಕೂಗಿದ್ದು. ಪಕ್ಕದ ಮನೆಯವರಿಗೆ ಕೇಳಿಸಿತೇ ಹೊರತು ಅವಳಿಗಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ಗಂಡನ ಮನೆಯಿಂದ ಬಂದಳು. ಲೈಬ್ರರಿಯ ಕಾದಂಬರಿಯೊಂದನ್ನು ಅವನ ಮಡಿಲಿಗೆ ಹಾಕಿ, ಇದು ನಮ್ಮ ಗಿರಣಿಯದೇ ಕತೆ, ಗೇಟಿನ ನಿಂತ ಗಡಿಯಾರವೂ ಇದೆ, ಅಮ್ಮನಿಗೆ ಓದು ಎಂದಳು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಅವನು. ಆದರೂ ಗಡಿಯಾರದ ಸಾಲು ಸಿಕ್ಕಾಗ ಬೆರಳು ತಾನಾಗಿ ನಿಂತಿತು; ದಿನಾ ಅದರ ಕೆಳಗೇ ಅವನು ಬುತ್ತಿ ಬಿಚ್ಚುತ್ತಿದ್ದ. ಅಮ್ಮನ ಕಿವಿಗೆ ಬಾಗಿ, ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತ, ಗಂಟಲು ಹರಿಯುವಂತೆ ಓದಿದ. ಅಮ್ಮ ಗೋಡೆ ನೋಡುತ್ತಿದ್ದಳು.

ಅಕ್ಕನಿಗೆ ತಡೆಯಲಾಗಲಿಲ್ಲ. ಪುಸ್ತಕ ಕಿತ್ತುಕೊಂಡು, ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು, ಅವನು ಕೊಚ್ಚಿಹಾಕಿದ್ದ ಸಾಲನ್ನು ತಾನು ಓದಿದಳು. ನೇಯುವ ಹೆಂಗಸರು ದಿನವಿಡೀ ಒಟ್ಟಾಗಿ ಹಾಡುತ್ತಿದ್ದರಂತೆ.

ಅಮ್ಮ ನಕ್ಕುಬಿಟ್ಟಳು.

“ಹಾಡ್ತಿದ್ವಾ? ಬರೆದೋನು ಗೇಟು ದಾಟಿ ಒಳಗೇ ಬಂದಿಲ್ಲ. ಆ ಸದ್ದಲ್ಲಿ ನಮ್ಮ ಕೆಮ್ಮು ನಮಗೇ ಕೇಳಿಸ್ತಿರ್ಲಿಲ್ಲ. ತುಟಿ ನೋಡ್ಕೊಂಡೇ ನಮ್ಮ ಮಾತೆಲ್ಲ.”

ಇಬ್ಬರೂ ಕಕ್ಕಾಬಿಕ್ಕಿ. ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ಸಿಡುಕಿದ. ಅಕ್ಕ ಅದನ್ನೇ ನಿಧಾನವಾಗಿ ತಿರುಗಿಸಿ ಕೇಳಿದಳು. ನೀವೆಲ್ಲ ಕಿವಿಗೇ ಬಂದು ಬೀಳ್ತೀರಿ, ಮುಖ ಯಾರು ತೋರಿಸಿದ್ರಿ ಎಂದಳು ಅಮ್ಮ. ಆಮೇಲೆ ಅವನ ಪೊದೆ ಮೀಸೆಗೆ ಬೆರಳು ಮಾಡಿದಳು.

“ಮೇಸ್ತ್ರಿಗೂ ಹಿಂಗೇ ಇತ್ತು. ಮೂವತ್ತು ವರ್ಷ ಏನು ಬೈದನೋ ಪುಣ್ಯಾತ್ಮ, ಒಂದಕ್ಷರ ತಿಳೀಲಿಲ್ಲ.”

ಆ ಮೀಸೆಯ ಸುದ್ದಿಗೆ ಬಂದವರ ಕೊರಳಪಟ್ಟಿ ಹಿಡಿದವನು ಅವನು. ಈಗ ಎದ್ದು, ಬಚ್ಚಲ ಕನ್ನಡಿಯ ಮುಂದೆ ಬೋಳಿಸಿಕೊಂಡು ಬಂದ. ಅಮ್ಮನೆದುರು ಕೂತು, ದನಿಯೇ ತೆಗೆಯದೆ, ಎಲ್ಲಿ ನಿಲ್ತಿದ್ದೆ ಎಂದು ಬರೀ ತುಟಿಯಲ್ಲಿ ಕೇಳಿದ.

ಅಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಖಾಲಿ ಹಾಲ್‌ನಲ್ಲಿ ಅವಳು ಕಂಬ ಎಣಿಸುತ್ತ ನಡೆದು, ಆರನೆಯದಕ್ಕೆ ಬೆನ್ನು ಕೊಟ್ಟಳು. ಅವಳ ಭುಜದೆತ್ತರಕ್ಕೆ ಸರಿಯಾಗಿ ಎಣ್ಣೆಯ ಕಪ್ಪು ಕಲೆಯಿತ್ತು. ಅವನು ಜೇಬಿನ ಸೀಮೆಸುಣ್ಣದಿಂದ ಅದರ ಮೇಲೆ ‘ಕೊನೆಗೆ’ ಎಂದು ಬರೆದ. ಹಾಗೆ ಬರೆದ ಕಂಬವನ್ನು ತಂಡದವರು ಎಲ್ಲಕ್ಕಿಂತ ಕಡೆಗೆ ಮುಟ್ಟುತ್ತಿದ್ದರು.

“ನೀನು ಹೊಟ್ಟೇಲಿದ್ದೀ ಅಂತ ನಾನು ಮೊದಲು ಬಾಯಿ ಬಿಟ್ಟಿದ್ದು ಇಲ್ಲೇ,” ಎಂದಳು ಅಮ್ಮ. “ಆಚೆ ಆ ಕಂಬದ ಹತ್ರ ನಿಂತಿದ್ದ ನಿನ್ನತ್ತೆಗೆ. ನಡುವೆ ಮೇಸ್ತ್ರಿ.”

ಅವನು ಅತ್ತೆಯ ಕಂಬದ ಬಳಿ ಹೋಗಿ ತಿರುಗಿದ. ದೂರದಲ್ಲಿ ಅಮ್ಮನ ತುಟಿ ಆಡಿತು. ಒಂದೂ ಹತ್ತಲಿಲ್ಲ. ಇನ್ನೊಂದು ಸಲ ಎಂದ. ಅವಳು ಬಿಡಿಸಿ ಬಿಡಿಸಿ ಹೇಳಿದಳು. ಮೂರನೇ ಸಲಕ್ಕೆ ಒಂದೇ ಒಂದು ಪದ ಸಿಕ್ಕಿತು: ಬಸುರಿ.

ಇಲ್ಲಿ ಗಂಟಲು ಬೇಕಿರಲಿಲ್ಲ. ಗಂಡೋ ಹೆಣ್ಣೋ ಎಂದು ತುಟಿಯಲ್ಲೇ ಕೇಳಿದ.

ಅಮ್ಮ ಅವನ ಬೋಳು ಮುಖವನ್ನು ನೋಡಿದಳು. ಅವಳ ದನಿ ಹಾಲ್ ತುಂಬ ಮೊಳಗಿತು.

“ಮೀಸೆ ಇಲ್ಲ, ಹೆಂಗೆ ಹೇಳ್ಲಿ?”